ಕೊಳ್ಳುವವರು ಪಿಕಪ್ ಕೆಳಗೆ ಬಗ್ಗಿ ನೋಡುವುದೇನು?

ಮಧ್ಯವರ್ತಿಯ ಹಂಗಿಲ್ಲದೆ ಹಳೆ ಪಿಕಪ್ ಮಾರಲು ಹೊರಟ ಓದುಗರ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಕಾರು ಮಾರುವವರಿಗೆ ಹೇಳುವ ಸಲಹೆಗಳಲ್ಲಿ ಎಷ್ಟೋ ಪಿಕಪ್‌ಗೆ ಹೊಂದುವುದಿಲ್ಲ. ಕಾರಿನ ವಿಷಯದಲ್ಲಿ ಅದು ಎಷ್ಟು ಓಡಿದೆ ಎಂಬುದು ಮೊದಲ ಪ್ರಶ್ನೆ. ಪಿಕಪ್ ವಿಷಯದಲ್ಲಿ ಅದು ಏನು ಹೊತ್ತಿದೆ, ಎಷ್ಟು ಹೊತ್ತಿದೆ ಎಂಬುದು ಮೊದಲ ಪ್ರಶ್ನೆ. ಕೆಳಗಿನ ಉತ್ತರಗಳಲ್ಲಿ ಅದೇ ಮಾತು ಮತ್ತೆ ಮತ್ತೆ ಬರುತ್ತದೆ.

ಪ್ರಶ್ನೆ: ನನ್ನ ಡೀಸೆಲ್ ಪಿಕಪ್ ಒಂಬತ್ತು ವರ್ಷ ಹಳೆಯದು, 1,60,000 ಕಿ.ಮೀ. ಓಡಿದೆ. ಮುಂದಿನ ಟೈರು ಸವೆದಿವೆ, ಕ್ಲಚ್ ಸ್ವಲ್ಪ ಜಾರುತ್ತದೆ, ಹೆಡ್‌ಲೈಟ್ ಹಳದಿಯಾಗಿದೆ, ಹಿಂಬಾಗಿಲು ನೆಗ್ಗಿದೆ. ಎಡಗಡೆ ಹಿಂದಿನ ಕಮಾನ್ ಪ್ಲೇಟು ಒಂದು ಸೀಳಿದೆ. ಮಾರುವ ಮೊದಲು ಯಾವುದನ್ನು ರಿಪೇರಿ ಮಾಡಿಸಲಿ, ಯಾವುದನ್ನು ಬಿಡಲಿ?

ಉತ್ತರ: ಕಮಾನ್ ಪ್ಲೇಟನ್ನು, ಅಂದರೆ ಗಾಡಿಯ ಭಾರ ಹೊರುವ ಸ್ಪ್ರಿಂಗ್ ಕಟ್ಟಿನ ಪಟ್ಟಿಯನ್ನು, ಬೇರೆಲ್ಲದಕ್ಕಿಂತ ಮೊದಲು ಮಾಡಿಸಿ. ಇದು ಬೆಲೆಯ ಪ್ರಶ್ನೆಯಲ್ಲ. ಸೀಳಿದ ಪ್ಲೇಟಿರುವ ಗಾಡಿಯನ್ನು ಗೊತ್ತಿಲ್ಲದವರ ಕೈಗೆ ಕೊಟ್ಟು ಓಡಿಸಿ ನೋಡಿ ಎನ್ನುವಂತಿಲ್ಲ. ಒಂದು ಕಡೆಯ ಕಟ್ಟಿನಲ್ಲಿ ಮಾತ್ರ ಹೊಸ ಪ್ಲೇಟು ಹಾಕಿದರೆ ಗಾಡಿ ಒಂದು ಬದಿಗೆ ವಾಲಬಹುದು. ಹಾಗಾಗಿ ಕೆಲಸ ಮುಗಿದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಟೇಪ್ ಹಿಡಿದು ಅಳೆಯಿರಿ. ಈ ಕಟ್ಟನ್ನು ಬಿಗಿದು ಹಿಡಿಯುವ ಯು ಬೋಲ್ಟುಗಳನ್ನು ಹೊಸದಾಗಿಯೇ ಹಾಕಿಸಿ. ಒಮ್ಮೆ ಪೂರ್ತಿ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತದೆ, ಅದನ್ನೇ ಮತ್ತೆ ಹಾಕಿದರೆ ಬಿಗಿತ ನಿಲ್ಲುವುದಿಲ್ಲ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿಸಬೇಕು.

ಇದರ ಜೊತೆಗೇ ನೋಡಬೇಕಾದದ್ದು ಇನ್ನೊಂದಿದೆ, ಬಹಳ ಮಂದಿ ಅದನ್ನು ಬಿಟ್ಟುಬಿಡುತ್ತಾರೆ. ಅನೇಕ ಪಿಕಪ್‌ಗಳಲ್ಲಿ ಲೋಡಿಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡವನ್ನು ಹೆಚ್ಚು ಕಡಿಮೆ ಮಾಡುವ ವಾಲ್ವ್ ಇರುತ್ತದೆ. ಅದರ ಸಣ್ಣ ಕಡ್ಡಿ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಾದ ಚಾಸಿಯಿಂದ ಹಿಂದಿನ ಎರಡು ಚಕ್ರಗಳ ನಡುವಿನ ಹೌಸಿಂಗ್‌ಗೆ ಸೇರಿಕೊಂಡಿರುತ್ತದೆ. ಪ್ಲೇಟು ಬದಲಿಸಿದಾಗ ಅಥವಾ ಹೆಚ್ಚುವರಿ ಪ್ಲೇಟು ಸೇರಿಸಿದಾಗ ಗಾಡಿಯ ಎತ್ತರ ಬದಲಾಗುತ್ತದೆ, ಆಗ ಕಡ್ಡಿ ಗಾಡಿ ಖಾಲಿಯಿದೆ ಎಂದೇ ವಾಲ್ವಿಗೆ ತಿಳಿಸುತ್ತಿರುತ್ತದೆ. ಲೋಡ್ ಹಾಕಿದರೂ ಹಿಂದಿನ ಬ್ರೇಕು ಸಾಲುವುದಿಲ್ಲ. ಮೆಕ್ಯಾನಿಕ್‌ಗೆ ಹೇಳಿ ಅದನ್ನು ಸರಿಹೊಂದಿಸಿಕೊಳ್ಳಿ.

ಕ್ಲಚ್ಚನ್ನು ಹೀಗೆ ಪರೀಕ್ಷಿಸಿ. ಖಾಲಿಯಾದ ಸಮತಟ್ಟು ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ, ವೇಗ ಅದಕ್ಕೆ ತಕ್ಕಂತೆ ಏರದಿದ್ದರೆ ಕ್ಲಚ್ ಮುಗಿದಿದೆ ಎಂದರ್ಥ. ಅಂಥ ಗಾಡಿ ಮೊದಲ ಓಡಾಟದಲ್ಲೇ ಗಿರಾಕಿಯನ್ನು ಕಳೆಯುತ್ತದೆ, ಬದಲಿಸಿಯೇ ಮಾರಿ. ಪೆಡಲ್ ತೀರ ಮೇಲೆ ಹಿಡಿಯುತ್ತಿದ್ದು ಜಾರುವಿಕೆ ಇಲ್ಲದಿದ್ದರೆ ಖರ್ಚು ಮಾಡಬೇಡಿ. ರಿಪೇರಿಗೆ ಎಷ್ಟಾಗುತ್ತದೆಂದು ಗ್ಯಾರೇಜಿನಿಂದ ಬರವಣಿಗೆಯಲ್ಲಿ ಅಂದಾಜು ಪಡೆದು ಕೊಳ್ಳುವವರ ಮುಂದಿಡಿ. ಅಂದಾಜು ಇಲ್ಲದಿದ್ದರೆ ಅವರು ಗೇರ್‌ಬಾಕ್ಸ್ ಇಳಿಸುವ ಕೂಲಿ, ಫ್ಲೈವೀಲ್ ಎಲ್ಲವನ್ನೂ ಸೇರಿಸಿ ಬೆಲೆಯಲ್ಲಿ ದುಪ್ಪಟ್ಟು ಕಡಿತ ಕೇಳುತ್ತಾರೆ.

ಟೈರಿನ ಗೀರಿನ ಆಳ ಬಹಳಷ್ಟು ದೇಶಗಳ ಕಾನೂನಿನ ಕನಿಷ್ಠ ಮಿತಿಯಾದ 1.6 ಮಿ.ಮೀ. ಹತ್ತಿರವಿದ್ದರೆ ಬದಲಿಸಿ. ಆದರೆ ಲೋಡ್ ಅಂಕಿ ಗಾಡಿಗೆ ಹೇಳಿದ್ದಕ್ಕಿಂತ ಕಡಿಮೆಯಿರುವ ಅಗ್ಗದ ಕಾರ್ ಟೈರು ಹಾಕಬೇಡಿ. ಟೈರಿನ ಬದಿಯಲ್ಲಿ 112 ಎಂದಿದ್ದರೆ ಅದು 1,120 ಕೆ.ಜಿ. ತಾಳುತ್ತದೆ, 100 ಎಂದಿದ್ದರೆ 800 ಮಾತ್ರ. ತಿಳಿದ ಗಿರಾಕಿ ಮೊದಲು ಓದುವುದು ಅದನ್ನೇ. ಅಲ್ಲೇ ನಾಲ್ಕು ಅಂಕಿಯ ತಯಾರಿಕೆ ಗುರುತೂ ಇರುತ್ತದೆ. 2321 ಎಂದರೆ 2021ರ 23ನೇ ವಾರ. ಟೈರು ಒಳ ಅಂಚಿನಲ್ಲಿ ಮಾತ್ರ ಸವೆದಿದ್ದರೆ ಮೊದಲು ಬುಷ್, ಬಾಲ್ ಜಾಯಿಂಟ್ ನೋಡಿಸಿ ಅಲೈನ್‌ಮೆಂಟ್ ಮಾಡಿಸಿ. ಇಲ್ಲದಿದ್ದರೆ ಹೊಸ ಟೈರೂ ಹಾಗೆಯೇ ಹೋಗುತ್ತದೆ.

ಹೆಡ್‌ಲೈಟನ್ನು 800, 1500, 2000, 3000 ನಂಬರಿನ, ನೀರು ಹಚ್ಚಿ ಉಜ್ಜುವ ಮರಳು ಕಾಗದದಲ್ಲಿ ಕ್ರಮವಾಗಿ ಉಜ್ಜಿ, ಪಾಲಿಶ್ ಮಾಡಿ, ಬಿಸಿಲು ತಡೆಯುವ ಲೇಪನ ಕೊಡಿ. ಲೇಪನ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುತ್ತದೆ. ಹಿಂಬಾಗಿಲ ನೆಗ್ಗನ್ನು ಹಾಗೆಯೇ ಬಿಡಿ. ದುಡಿದ ಗಾಡಿಗೆ ನೆಗ್ಗು ಸಹಜ. ಹೊಸ ಟಿಂಕರಿಂಗ್, ಹೊಸ ಬಣ್ಣ ಕಂಡರೆ ಇದರಡಿ ಏನು ಮುಚ್ಚಿದ್ದಾರೋ ಎಂಬ ಅನುಮಾನ ಹುಟ್ಟುತ್ತದೆ.

ಪ್ರಶ್ನೆ: ನೋಡಲು ಬಂದ ಮೂವರೂ ನೆಲಕ್ಕೆ ಬಗ್ಗಿ ಹತ್ತು ನಿಮಿಷ ಅಡಿಭಾಗವನ್ನೇ ನೋಡಿದರು. ಏನನ್ನು ನೋಡುತ್ತಾರೆ? ಅಡಿಭಾಗಕ್ಕೆ ಕಪ್ಪು ಲೇಪನ ಹೊಡೆಸಿದರೆ ಒಳ್ಳೆಯದೇ?

ಉತ್ತರ: ಹೊಡೆಸಬೇಡಿ. ಮಾರುವ ವಾರದಲ್ಲಿ ಹೊಡೆದ ಲೇಪನ ತುಕ್ಕನ್ನು ಮುಚ್ಚುವ ಪರದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಬದಲಿಗೆ ಮಣ್ಣು ತೊಳೆದು, ಒಣಗಿಸಿ, ಅವರು ನೋಡುವುದನ್ನೆಲ್ಲ ನೀವೇ ಮೊದಲು ನೋಡಿಡಿ.

ಅವರು ಹುಡುಕುವುದು ಅತಿಭಾರದ ಗುರುತು. ನಿಂತೇ ನೋಡಬಹುದಾದದ್ದು ಕ್ಯಾಬಿನ್ ಮತ್ತು ಲೋಡ್ ಬಾಡಿಯ ನಡುವಿನ ಸಂದು. ಅದು ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರಬೇಕು. ಮೇಲೆ ಅಗಲ, ಕೆಳಗೆ ಕಿರಿದಾಗಿದ್ದರೆ ಹಿಂದಿನ ಹೌಸಿಂಗ್‌ನಿಂದಾಚೆಗೆ ಭಾರ ಬಿದ್ದು ಕ್ಯಾಬಿನ್ನಿನ ಹಿಂದೆ ಚಾಸಿ ಬಾಗಿರಬಹುದು. ಕ್ಯಾಬಿನ್ ಕೂರುವ ರಬ್ಬರ್ ಕುಸಿದರೂ ಸಂದು ಹೀಗೆ ಬದಲಾಗುತ್ತದೆ, ಆದ್ದರಿಂದ ಹೆದರುವ ಮೊದಲು ರಬ್ಬರ್ ನೋಡಿ. ಅದು ಸರಿಯಿದ್ದರೆ ಮಾತ್ರ ಚಾಸಿ ಅಳೆಸಬೇಕಾಗುತ್ತದೆ.

ಆಮೇಲೆ ಕಮಾನು. ಖಾಲಿ ಗಾಡಿಯಲ್ಲಿ ಕಟ್ಟಿನ ತುದಿಗಳು ಮೇಲೆ, ನಡು ಕೆಳಗೆ ಇರುವುದು ಸಾಮಾನ್ಯ. ಖಾಲಿಯಿದ್ದಾಗಲೇ ನಡುಭಾಗ ತುದಿಗಳಿಗಿಂತ ಮೇಲೆ ಬಂದಿದ್ದರೆ ಪ್ಲೇಟು ಸೋತಿದೆ. ಹೌಸಿಂಗ್ ಮೇಲೇಳುವಾಗ ತಡೆಯುವ ರಬ್ಬರ್ ಗುಂಡನ್ನು ನೋಡುತ್ತಾರೆ. ಅದು ಚಪ್ಪಟೆಯಾಗಿ ಹರಿದು, ಅದು ತಾಗುವ ಕಬ್ಬಿಣ ಉಜ್ಜಿ ಹೊಳೆಯುತ್ತಿದ್ದರೆ ಗಾಡಿ ಲೋಡಿನಲ್ಲಿ ಪದೇ ಪದೇ ತಳ ಹೊಡೆದಿದೆ. ಆ ರಬ್ಬರನ್ನು ಮಾತ್ರ ಹೊಸದು ಹಾಕಿ ಗುರುತು ಅಳಿಸಲು ಹೋಗಬೇಡಿ, ಕಬ್ಬಿಣದ ಹೊಳಪು ಉಳಿದೇ ಇರುತ್ತದೆ.

ತುಕ್ಕಿನಲ್ಲಿ ಎರಡು ಬಗೆ. ಮೇಲ್ಮೈಯ ಕೆಂಪು ಪುಡಿ ಅಪಾಯವಲ್ಲ. ಪದರ ಪದರವಾಗಿ ಏಳುವುದು ಅಪಾಯ. ಕಮಾನು ಚಾಸಿಗೆ ಸೇರುವ ಬ್ರಾಕೆಟ್ಟು, ಹೌಸಿಂಗ್ ಮೇಲೆ ಚಾಸಿ ಬಾಗಿ ಏರುವ ಜಾಗ, ಮಣ್ಣು ಕೂರುವ ಪೆಟ್ಟಿಗೆಯಂಥ ಒಳಭಾಗ, ಈ ಮೂರನ್ನೂ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ತುದಿ ಒಳಹೋದರೆ ಗಾಡಿಯನ್ನು ಓಡುವ ಗಾಡಿಯೆಂದು ಮಾರುವುದು ತಪ್ಪು. ಬಿಡಿಭಾಗಗಳ ಬೆಲೆಗೆ, ಕಾರಣ ಬರೆದು ಮಾರಿ.

ಚಾಸಿಯ ಮೇಲಿನ ಮತ್ತು ಕೆಳಗಿನ ಅಂಚಿನ ಪಟ್ಟಿಗಳಲ್ಲಿ ಯಾರಾದರೂ ತೂತು ಕೊರೆದಿದ್ದರೆ, ವೆಲ್ಡಿಂಗ್ ಆಗಿದ್ದರೆ ಅದನ್ನೂ ಹೇಳಿಬಿಡಿ. ಭಾರದ ಎಳೆತ, ಒತ್ತಡ ಹೆಚ್ಚು ಬೀಳುವುದು ಆ ಅಂಚುಗಳ ಮೇಲೆಯೇ. ತೂತಿನಿಂದ ಸೀಳು ಶುರುವಾಗುತ್ತದೆ.

ಗಾಡಿ ಎಷ್ಟು ಹೊರಬಲ್ಲದು ಎಂಬ ಪ್ರಶ್ನೆಗೆ ಬಾಯಿಮಾತಿನ ಉತ್ತರ ಬೇಡ. ಬಾಗಿಲ ಕಂಬದ ಮೇಲೋ ಬಾನೆಟ್ ಒಳಗೋ ಇರುವ ಫಲಕದಲ್ಲಿ ಒಟ್ಟು ತೂಕದ ಮಿತಿ ಇರುತ್ತದೆ. ಅದರಿಂದ ಖಾಲಿ ಗಾಡಿಯ ತೂಕ ಕಳೆಯಿರಿ. ಮಿತಿ 3,000 ಕೆ.ಜಿ., ಖಾಲಿ ತೂಕ 1,950 ಕೆ.ಜಿ. ಇದ್ದರೆ ಉಳಿಯುವುದು 1,050. ಆ 1,050ರಲ್ಲಿ ಒಳಗೆ ಕೂತವರ ತೂಕವೂ ಸೇರುತ್ತದೆ. ಆಮೇಲೆ ಹಾಕಿಸಿದ ಮುಂಗಂಬಿ, ಮೇಲ್ಛಾವಣಿ, ಕಬ್ಬಿಣದ ಕ್ಯಾರಿಯರ್‌ಗಳ ತೂಕವೂ ಅದರಲ್ಲೇ ಕಳೆಯುತ್ತದೆ.

ಲೋಡ್ ಬಾಡಿಯೊಳಗೆ ಪ್ಲಾಸ್ಟಿಕ್ ಹಾಸು ಕೂರಿಸಿದ್ದರೆ ತೋರಿಸುವ ಮುನ್ನ ಬಿಚ್ಚಿ ನೋಡಿ. ಅದರಡಿ ನೀರು, ಮರಳು ನಿಂತು ಬಣ್ಣ ಉಜ್ಜಿಹೋಗಿ ತೂತು ಬಿದ್ದಿರುವುದು ಮಾಲೀಕರಿಗೇ ಗೊತ್ತಿರುವುದಿಲ್ಲ.

ಪ್ರಶ್ನೆ: ಎಂಜಿನ್ ಎಚ್ಚರಿಕೆ ದೀಪ ಉರಿಯುತ್ತಿದೆ. ಗಿರಾಕಿ ಬರುವ ದಿನ ಸ್ಕ್ಯಾನರ್ ಹಾಕಿ ಅಳಿಸಿಕೊಡುತ್ತೇನೆ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಸರಿಯೇ?

ಉತ್ತರ: ಸರಿಯಲ್ಲ, ನಡೆಯುವುದೂ ಇಲ್ಲ. ದೋಷದ ಕೋಡ್ ಅಳಿಸಿದಾಗ ಎಂಜಿನ್ ಕಂಪ್ಯೂಟರಿನ ಸ್ವಯಂ ಪರೀಕ್ಷೆಗಳ ಫಲಿತಾಂಶವೂ ಅಳಿಯುತ್ತದೆ. ಅವು ಮತ್ತೆ ಪೂರ್ಣವಾಗಲು ತಣ್ಣಗಿನ ಸ್ಟಾರ್ಟ್, ನಿಧಾನ ಓಡಾಟ, ವೇಗದ ಓಡಾಟ ಎಲ್ಲ ಸೇರಿ ಹಲವು ಸಲ ಗಾಡಿ ಓಡಬೇಕು. ಕೊಳ್ಳುವವರು ಎಂಜಿನ್ ಕಂಪ್ಯೂಟರನ್ನು ಓದುವ ಅಂಗೈಯಗಲದ ಒಬಿಡಿ ಸಾಧನ ಚುಚ್ಚಿದರೆ ಪರೀಕ್ಷೆಗಳು ಅಪೂರ್ಣ ಎಂದು ಕಾಣುತ್ತದೆ. ಕೋಡ್ ಅಳಿಸಿ ಎಷ್ಟು ಕಿ.ಮೀ. ಆಯಿತು ಎಂಬುದನ್ನೂ ಅನೇಕ ಗಾಡಿಗಳು ತೋರಿಸುತ್ತವೆ. 6 ಕಿ.ಮೀ. ಎಂದು ಕಂಡರೆ ವ್ಯವಹಾರ ಅಲ್ಲಿಗೇ ಮುಗಿಯಿತು.

ಕೋಡ್ ಏನೆಂದು ಓದಿಸಿ ಬರೆದಿಟ್ಟುಕೊಳ್ಳಿ. ಡೀಸೆಲ್ ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ತುಂಬಿದ ಕೋಡ್ ಇದ್ದರೆ, ಬಹುಶಃ ಗಾಡಿ ಬರೀ ಪುಟ್ಟ ಪುಟ್ಟ ದೂರ ಓಡಿದೆ. ಆ ಮಸಿ ಸುಡಲು ಸೈಲೆನ್ಸರ್ ಚೆನ್ನಾಗಿ ಕಾಯಬೇಕು. ತುಂಬುವಿಕೆ ಮಿತಿ ದಾಟಿರದಿದ್ದರೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸಿದಾಗ ಎಷ್ಟೋ ಸಲ ತಾನೇ ಸುಟ್ಟುಕೊಳ್ಳುತ್ತದೆ. ಮತ್ತೆ ಮತ್ತೆ ತುಂಬುತ್ತಿದ್ದರೆ ಇಂಜೆಕ್ಟರ್, ಟರ್ಬೊ, ಸೆನ್ಸರ್ ನೋಡಿಸಬೇಕು. ಅದನ್ನು ತೆಗೆಸಿ ಖಾಲಿ ಪೈಪು ಹಾಕಿಸುವ ಸಲಹೆ ಬಂದರೆ ಒಪ್ಪಬೇಡಿ. ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುವವರು ಹೊಸ ಮಾಲೀಕರು, ಅವರು ಹುಡುಕಿಕೊಂಡು ಬರುವುದು ನಿಮ್ಮನ್ನು.

ಗಿರಾಕಿ ಬರುವ ಮೊದಲು ಎಂಜಿನ್ ಬಿಸಿ ಮಾಡಿಡುವ ಅಭ್ಯಾಸವೂ ಬೇಡ. ತಿಳಿದವರು ಬಂದ ಕೂಡಲೇ ಬಾನೆಟ್ ಮೇಲೆ ಕೈಯಿಡುತ್ತಾರೆ. ತಣ್ಣಗಿನ ಎಂಜಿನ್ ಅವರ ಎದುರೇ ಸ್ಟಾರ್ಟ್ ಆಗಲಿ. ಸೆಲ್ಫ್ ಎಳೆಯುತ್ತಿದ್ದರೆ ಬ್ಯಾಟರಿ ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು. ಬ್ಯಾಟರಿ ಸರಿಯಿದ್ದೂ ಬೆಳಗಿನ ಚಳಿಯಲ್ಲಿ ಡೀಸೆಲ್ ಎಂಜಿನ್ ತಡವಾಗಿ ಹತ್ತಿ ಬಿಳಿ ಹೊಗೆ ಬಿಡುತ್ತಿದ್ದರೆ ಎಂಜಿನ್ ಒಳಗನ್ನು ಬಿಸಿ ಮಾಡುವ ಗ್ಲೋ ಪ್ಲಗ್ ಮೇಲೆ ಮೊದಲ ಅನುಮಾನ. ನೀಲಿ ಹೊಗೆ ಎಣ್ಣೆ ಸುಡುವುದರ ಗುರುತು, ಅದನ್ನು ದಪ್ಪ ಎಣ್ಣೆ ಹಾಕಿ ಮುಚ್ಚಬೇಡಿ. ಎಂಜಿನ್ನನ್ನು ಜೋರು ನೀರಿನಲ್ಲಿ ತೊಳೆಸುವುದೂ ಬೇಡ. ಆಲ್ಟರ್ನೇಟರ್, ವೈರ್ ಜೋಡಣೆಗಳಿಗೆ ನೀರು ನುಗ್ಗುತ್ತದೆ, ಮೇಲಾಗಿ ಸೋರಿಕೆ ಮುಚ್ಚಿದ್ದೀರೆಂಬ ಅನುಮಾನ ಬರುತ್ತದೆ.

ಪ್ರಶ್ನೆ: ಬೆಲೆ ನಿಗದಿ ಮಾಡುವುದು ಹೇಗೆ? ಜಾಹೀರಾತಿನಲ್ಲಿ ಏನೇನು ಬರೆಯಬೇಕು?

ಉತ್ತರ: ಅದೇ ಮಾದರಿ, ಅದೇ ಎಂಜಿನ್, ಅದೇ ಬಗೆಯ ಕ್ಯಾಬಿನ್, ಎಂಜಿನ್ ಬಲ ಹೋಗುವುದು ಎರಡು ಚಕ್ರಕ್ಕೋ ನಾಲ್ಕೂ ಚಕ್ರಕ್ಕೋ ಎಂಬುದೂ ಹೊಂದುವಂಥ ಹತ್ತು ಹದಿನೈದು ಜಾಹೀರಾತು ಹುಡುಕಿ. ತೀರ ಹೆಚ್ಚಿನ ಮತ್ತು ತೀರ ಕಡಿಮೆಯ ಎರಡೆರಡನ್ನು ಬಿಟ್ಟು ಉಳಿದದ್ದರ ನಡುವೆ ನಿಮ್ಮ ಗಾಡಿಯನ್ನಿಡಿ. ಅವೆಲ್ಲ ಕೇಳುವ ಬೆಲೆ, ಮಾರಿಹೋದ ಬೆಲೆಯಲ್ಲ ಎಂಬುದು ನೆನಪಿರಲಿ. ತಿಂಗಳುಗಟ್ಟಲೆ ಅಲ್ಲೇ ಇರುವ ಜಾಹೀರಾತಿನ ಬೆಲೆ ಯಾರೂ ಕೊಡದ ಬೆಲೆ. ಚೌಕಾಸಿಗೆಂದು ಸ್ವಲ್ಪ ಸೇರಿಸಿ, ಆದರೆ ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಎಂಬ ಅಂಕಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಬರಹದಲ್ಲಿ ವರ್ಷ, ಕಿ.ಮೀ., ಎಷ್ಟನೇ ಮಾಲೀಕರು, ಹೊರುವ ತೂಕ, ಲೋಡ್ ಬಾಡಿಯ ಒಳ ಅಳತೆ, ಕೊನೆಯ ಸರ್ವಿಸ್, ಟೈಮಿಂಗ್ ಬೆಲ್ಟ್ ಇದ್ದರೆ ಅದನ್ನು ಬದಲಿಸಿದ ಕಿ.ಮೀ., ಗೊತ್ತಿರುವ ದೋಷಗಳು ಇರಲಿ. ಬೆಲ್ಟ್ ಮಾತು ಮುಖ್ಯ, ಅದು ಕಡಿದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿದು ಎಂಜಿನ್ನಿನ ಹೆಡ್, ಅಂದರೆ ಮೇಲ್ಭಾಗವೇ ಹಾಳಾಗುತ್ತದೆ. ಅದರ ರಸೀದಿ ಇರುವ ಗಾಡಿಗೆ ಬೆಲೆಯಿದೆ. ಫೋಟೊಗಳನ್ನು ಬೆಳಗ್ಗೆಯೋ ಸಂಜೆಯೋ ತೆಗೆಯಿರಿ. ಇಪ್ಪತ್ತರಲ್ಲಿ ನಾಲ್ಕಾದರೂ ಅಡಿಭಾಗದ್ದಿರಲಿ, ನೆಗ್ಗಿನದ್ದೂ ಇರಲಿ. ನೋಂದಣಿ ಪತ್ರದ ಫೋಟೊ ಮಾತ್ರ ಹಾಕಬೇಡಿ.

ಪ್ರಶ್ನೆ: ಗುರುತಿಲ್ಲದವರು ಓಡಿಸಿ ನೋಡುತ್ತೇವೆ ಎನ್ನುತ್ತಾರೆ. ಗಾಡಿಗೂ ನನಗೂ ತೊಂದರೆಯಾಗದಂತೆ ಹೇಗೆ?

ಉತ್ತರ: ಹಗಲಲ್ಲಿ, ಜನ ಓಡಾಡುವ ಜಾಗದಲ್ಲಿ ಕರೆಯಿರಿ. ಲೈಸೆನ್ಸ್ ನೋಡಿ, ಮುಖದೊಡನೆ ಹೋಲಿಸಿ, ಅವರ ಒಪ್ಪಿಗೆಯಿಂದ ಫೋಟೊ ತೆಗೆದು ಮನೆಯವರಿಗೆ ಕಳುಹಿಸಿ. ಬೇರೆಯವರು ಓಡಿಸಿದಾಗ ನಿಮ್ಮ ವಿಮೆ ಅನ್ವಯಿಸುತ್ತದೆಯೇ ಎಂದು ಕಂಪನಿಗೆ ಫೋನ್ ಮಾಡಿ ಮೊದಲೇ ಕೇಳಿಕೊಳ್ಳಿ. ಮೊದಲು ನೀವು ಓಡಿಸಿ. ಚಾಲಕರು ಬದಲಾಗುವಾಗ ಎಂಜಿನ್ ಆರಿಸಿ ಕೀ ಕೈಯಲ್ಲಿ ಹಿಡಿದೇ ಇಳಿಯಿರಿ.

ಇಬ್ಬರು ಮೂವರು ಒಟ್ಟಿಗೆ ಬಂದಾಗ ಒಂದು ಮೋಸದ ಬಗ್ಗೆ ಎಚ್ಚರ ಬೇಕು. ಒಬ್ಬರು ನಿಮ್ಮನ್ನು ಮಾತಿಗೆಳೆಯುತ್ತಾರೆ, ಇನ್ನೊಬ್ಬರು ತೆರೆದ ಬಾನೆಟ್ಟಿನಲ್ಲಿ ಕೂಲೆಂಟ್ ಡಬ್ಬಿಗೆ ಎಣ್ಣೆ ಸುರಿಯುತ್ತಾರೆ ಅಥವಾ ಸೈಲೆನ್ಸರ್ ಪೈಪಿಗೆ ಎಣ್ಣೆ ಹಾಕುತ್ತಾರೆ. ಹತ್ತು ನಿಮಿಷದಲ್ಲಿ ಹೊಗೆ ಬರುತ್ತದೆ. ಎಂಜಿನ್ನಿನ ಹೆಡ್ ಅಡಿಯ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಗಿದೆ, ಅರ್ಧ ಬೆಲೆಗೆ ಕೊಡಿ ಎನ್ನುತ್ತಾರೆ. ಅವರು ಬರುವ ಮೊದಲೇ ಕೂಲೆಂಟ್ ಮತ್ತು ಎಣ್ಣೆ ಕಡ್ಡಿಯ ಫೋಟೊ ಸಮಯ ಸಹಿತ ತೆಗೆದಿಡಿ. ಬಾನೆಟ್ ತೆರೆದಿರುವಷ್ಟು ಹೊತ್ತೂ ಅಲ್ಲಿಂದ ಕದಲಬೇಡಿ.

ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿಯಾದರೆ ಇನ್ನೊಂದು ಮಾತು. ಲಿವರ್ ಹಾಕಿ ಎರಡೂ ಹೌಸಿಂಗ್ ಜೋಡಿಸುವ ಬಗೆಯದಾದರೆ ಒಣ ಡಾಂಬರು ರಸ್ತೆಯಲ್ಲಿ ಅದನ್ನು ಹಾಕಿ ತಿರುಗಿಸಲು ಬಿಡಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು, ಜೋಡಣೆ ಅದಕ್ಕೆ ಬಿಡುವುದಿಲ್ಲ. ಗೇರು, ಶಾಫ್ಟು ತಿರುಚಿ ಬಿಗಿದುಕೊಳ್ಳುತ್ತವೆ. ಮಣ್ಣು ಅಥವಾ ಜಲ್ಲಿ ನೆಲದಲ್ಲಿ ತೋರಿಸಿ. ಲಿವರ್ ಹಿಂದಕ್ಕೆ ಬಾರದಿದ್ದರೆ ಕೆಲವು ಮೀಟರ್ ನೇರವಾಗಿ ಹಿಂದಕ್ಕೆ ಓಡಿಸಿ, ಬಿಗಿ ಸಡಿಲವಾಗುತ್ತದೆ.

ಪ್ರಶ್ನೆ: ಸಾಲದ ಏಳು ಕಂತು ಬಾಕಿಯಿದೆ. ಅರ್ಧ ಹಣ ಈಗ ಕೊಟ್ಟು ಗಾಡಿ ಒಯ್ಯುತ್ತೇನೆ, ಕಂತು ನಾನೇ ಕಟ್ಟಿ ಆಮೇಲೆ ಹೆಸರು ಬದಲಿಸಿಕೊಳ್ಳುತ್ತೇನೆ ಎನ್ನುತ್ತಾರೆ ಒಬ್ಬರು. ಒಪ್ಪಬಹುದೇ?

ಉತ್ತರ: ದಯವಿಟ್ಟು ಒಪ್ಪಬೇಡಿ. ಅವರು ಒಂದು ಕಂತು ತಪ್ಪಿಸಿದರೂ ಬ್ಯಾಂಕು ಕೇಳುವುದು ನಿಮ್ಮನ್ನು. ಅಪಘಾತವಾದರೆ, ದಂಡ ಬಿದ್ದರೆ ದಾಖಲೆಯಲ್ಲಿ ಇರುವುದು ನಿಮ್ಮ ಹೆಸರು. ಸಾಲ ಕೊಟ್ಟವರ ಒಪ್ಪಿಗೆ ಇಲ್ಲದೆ ಗಾಡಿ ಕೈಬದಲಿಸುವುದು ಸಾಲದ ಕರಾರನ್ನೇ ಮುರಿದಂತಾಗಬಹುದು.

ಸರಿಯಾದ ದಾರಿ ಹೀಗಿದೆ. ಇಂಥ ದಿನಾಂಕದವರೆಗೆ ಪೂರ್ತಿ ತೀರಿಸಲು ಎಷ್ಟು ಎಂಬ ಪತ್ರವನ್ನು ಬ್ಯಾಂಕಿನಿಂದ ಪಡೆಯಿರಿ. ಅವಧಿಗೆ ಮುಂಚೆ ತೀರಿಸುವ ಶುಲ್ಕ ಅದರಲ್ಲಿ ಸೇರಿದೆಯೇ ಎಂದು ಕೇಳಿ. ಕೊಳ್ಳುವವರ ಜೊತೆ ಬ್ಯಾಂಕಿಗೆ ಹೋಗಿ ಆ ಮೊತ್ತವನ್ನು ಅವರು ನೇರವಾಗಿ ಸಾಲದ ಖಾತೆಗೆ ಕಟ್ಟಲಿ, ಉಳಿದದ್ದು ನಿಮಗೆ ಬರಲಿ. ಬಾಕಿಯಿಲ್ಲವೆಂಬ ಪತ್ರ ಕೈಗೆ ಬಂದ ಮಾತ್ರಕ್ಕೆ ಮುಗಿಯುವುದಿಲ್ಲ. ನೋಂದಣಿ ದಾಖಲೆಯಲ್ಲಿರುವ ಸಾಲದ ನಮೂದೂ ತೆಗೆದುಹಾಕಿಸಬೇಕು, ಅದಿರುವ ತನಕ ಹೆಸರು ಬದಲಾವಣೆ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಹಣ ಕಳುಹಿಸಿದ್ದೇನೆ ಎಂದು ಸ್ಕ್ರೀನ್‌ಶಾಟ್ ತೋರಿಸಿದರೆ ಗಾಡಿ ಕೊಡಬಹುದೇ?

ಉತ್ತರ: ಬೇಡ. ಚಿತ್ರ, ಸಂದೇಶ ಎರಡನ್ನೂ ನಕಲಿ ಮಾಡಬಹುದು. ನಿಮ್ಮ ಖಾತೆಯನ್ನು ನೀವೇ ತೆರೆದು ಹಣ ಸೇರಿರುವುದನ್ನು ಕಾಣಬೇಕು. ಹಣ ಪಡೆಯಲು ಗುಪ್ತ ಸಂಖ್ಯೆ ಒತ್ತಬೇಕಿಲ್ಲ, ಒತ್ತಿ ಎಂದವರು ವಂಚಕರು. ಹೆಚ್ಚು ಕಳುಹಿಸಿಬಿಟ್ಟೆ, ಉಳಿದದ್ದು ವಾಪಸ್ ಹಾಕಿ ಎನ್ನುವವರೂ ಅಷ್ಟೇ.

ಪ್ರಶ್ನೆ: ಗಾಡಿ ಕೊಡುವ ದಿನ ಏನೇನು ಮಾಡಬೇಕು? ಮೂರು ವರ್ಷದ ಹಿಂದೆ ಮೀಟರ್ ಕೆಟ್ಟು 94,000 ಕಿ.ಮೀ.ಗೆ ಹೊಸದು ಹಾಕಿಸಿದ್ದೆ. ಅದನ್ನು ಹೇಳಬೇಕೆ?

ಉತ್ತರ: ಮೀಟರ್ ವಿಷಯ ಹೇಳಲೇಬೇಕು, ಬರೆದೂ ಕೊಡಬೇಕು. ಕೆಲವು ಗಾಡಿಗಳಲ್ಲಿ ಓಡಿದ ದೂರ ಮೀಟರಿನಲ್ಲಿ ಮಾತ್ರವಲ್ಲದೆ ಬೇರೆ ಕಂಪ್ಯೂಟರ್ ಘಟಕಗಳಲ್ಲೂ ಉಳಿದಿರುತ್ತದೆ. ಹೇಳದೆ ಸಿಕ್ಕಿಬಿದ್ದರೆ ಅದು ವಂಚನೆ ಎನಿಸಿಕೊಳ್ಳುತ್ತದೆ. ಹಳೆ ಮೀಟರಿನ ಅಂಕಿ, ಬದಲಿಸಿದ ರಸೀದಿ, ಈಗಿನ ಅಂಕಿ ಮೂರನ್ನೂ ಕೊಡಿ.

ಮಾರಾಟ ಪತ್ರ ಎರಡು ಪ್ರತಿ ಇರಲಿ, ಎರಡಕ್ಕೂ ಇಬ್ಬರ ಸಹಿ ಇರಲಿ. ಹೆಸರು, ವಿಳಾಸ, ಬೆಲೆ, ಮೀಟರ್ ಅಂಕಿ, ಎಂಜಿನ್ ನಂಬರ್, ಚಾಸಿ ನಂಬರ್, ಹೇಳಿದ ದೋಷಗಳ ಪಟ್ಟಿ, ಗಾಡಿ ಕೈಗೆ ಕೊಟ್ಟ ದಿನ ಮತ್ತು ಗಂಟೆ ಬರೆಯಿರಿ. ಗಂಟೆ ಬೇಕೇ ಬೇಕು, ಅದೇ ಸಂಜೆ ದಂಡ ಬಿದ್ದರೆ ಯಾರದೆಂದು ತೋರಿಸುವುದು ಅದೇ. ಚಾಸಿ ನಂಬರನ್ನು ಪತ್ರ ನೋಡಿ ಬರೆಯಬೇಡಿ, ಗಾಡಿಯ ಮೇಲೆ ಕೊರೆದದ್ದನ್ನು ನೋಡಿ ಬರೆದು ಪತ್ರದೊಡನೆ ಹೋಲಿಸಿ. 17 ಅಕ್ಷರಗಳ ಆ ಸಂಖ್ಯೆಯಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಹಾಗೆ ಕಂಡದ್ದು ಒಂದು ಅಥವಾ ಸೊನ್ನೆ. ಈ ಒಂದು ತಪ್ಪಿನಿಂದಲೇ ಅರ್ಜಿ ವಾಪಸ್ ಬರಬಹುದು.

ಗಾಡಿ ಮಾರಿದ್ದೇನೆ ಎಂಬ ಮಾಹಿತಿಯನ್ನು ನೋಂದಣಿ ಕಚೇರಿಗೆ ನೀವೇ ಕೊಡಿ, ಕೊಳ್ಳುವವರು ಮಾಡುತ್ತಾರೆಂದು ಬಿಡಬೇಡಿ. ಸ್ವೀಕೃತಿ ಇಟ್ಟುಕೊಳ್ಳಿ. ವಿಮೆ ರದ್ದು ಮಾಡುವುದು ಅಥವಾ ವರ್ಗಾಯಿಸುವುದು ಅದಾದ ಮೇಲೆ. ಅವಸರದಲ್ಲಿ ಮೊದಲೇ ರದ್ದು ಮಾಡಿದರೆ ಗಾಡಿ ನಿಮ್ಮ ಹೆಸರಿನಲ್ಲೇ ವಿಮೆಯಿಲ್ಲದೆ ಓಡಾಡುತ್ತದೆ.

ಒಳಗಿನಿಂದ ಟೋಲ್ ಟ್ಯಾಗ್, ಕ್ಯಾಮೆರಾದ ಮೆಮೊರಿ ಕಾರ್ಡ್, ಜಿಪಿಎಸ್ ಸಾಧನ ತೆಗೆಯಿರಿ. ಟ್ಯಾಗ್ ಕಿತ್ತರೆ ಸಾಲದು, ಖಾತೆಯಲ್ಲೂ ಮುಚ್ಚಿಸಿ. ಸ್ಟೀರಿಯೊದಲ್ಲಿ ಸೇರಿಕೊಂಡಿರುವ ನಿಮ್ಮ ಫೋನಿನ ನಂಬರುಗಳು, ಮನೆಯ ದಾರಿ ಅಳಿಸಿ. ಮೊಬೈಲಿನಿಂದ ಗಾಡಿಯ ಬಾಗಿಲು ತೆರೆಯುವ ಆ್ಯಪ್ ಇದ್ದರೆ ನಿಮ್ಮ ಖಾತೆಯಿಂದ ಗಾಡಿಯನ್ನು ಬಿಡಿಸಿ. ಬಾಗಿಲ ಮೇಲೆ ಅಂಗಡಿಯ ಹೆಸರಿನ ಸ್ಟಿಕರ್ ಇದ್ದರೆ ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಓರೆಯಾಗಿ ಎಳೆಯಿರಿ, ಬಣ್ಣ ಕಿತ್ತುಬರುವುದಿಲ್ಲ. ಎರಡನೇ ಕೀ, ಜಾಕ್, ಚಕ್ರ ಬಿಚ್ಚುವ ಪಾನಾ, ಸ್ಟೆಪ್ನಿ ಇಳಿಸುವ ಕಡ್ಡಿ ಇವನ್ನು ಸೀಟಿನ ಹಿಂದೆ ಇದೆ ಎಂದು ಬಾಯಲ್ಲಿ ಹೇಳದೆ ತೆಗೆದು ತೋರಿಸಿ ಕೊಡಿ. ಪಿಕಪ್‌ನಲ್ಲಿ ಸ್ಟೆಪ್ನಿ ಸಾಮಾನ್ಯವಾಗಿ ಲೋಡ್ ಬಾಡಿಯ ಅಡಿ ಸರಪಳಿಗೋ ಕೇಬಲ್‌ಗೋ ತೂಗುಬಿದ್ದಿರುತ್ತದೆ. ವರ್ಷಗಟ್ಟಲೆ ಇಳಿಸದಿದ್ದರೆ ಅದು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಹಿಂದಿನ ದಿನವೇ ಒಮ್ಮೆ ಇಳಿಸಿ, ಗ್ರೀಸ್ ಹಚ್ಚಿ, ಗಾಳಿ ತುಂಬಿಸಿ ಮತ್ತೆ ಏರಿಸಿಡಿ.